ಏಷ್ಯಾ (ಕ್ಷುದ್ರಗ್ರಹ)

ಏಷ್ಯಾ ಮಂಗಳ ಮತ್ತು ಗುರು ಗ್ರಹಗಳ ನಡುವಿನ ಮುಖ್ಯ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುತ್ತಿರುವ, ಸುಮಾರು 58 ಕಿ.ಮೀ. ವ್ಯಾಸದ ಶಿಲಾಮಯ ಕ್ಷುದ್ರಗ್ರಹ, ಕ್ರಮಸಂಖ್ಯೆ 67. ನಾರ್ಮನ್ ರಾಬರ್ಟ್ ಪೋಗ್ಸನ್ (1829–1891) ಇದನ್ನು 1861ರ ಏಪ್ರಿಲ್ 17ರಂದು ಮದರಾಸು ವೀಕ್ಷಣಾಲಯದಿಂದ ಗುರುತಿಸಿದರು. ಏಷ್ಯಾ ಖಂಡದ ನೆಲದಿಂದ ಶೋಧವಾದ ಮೊದಲ ಕ್ಷುದ್ರಗ್ರಹ ಇದು. ಭೌತಲಕ್ಷಣಗಳ ದೃಷ್ಟಿಯಿಂದ ತನ್ನ ವರ್ಗದ ಸಾಧಾರಣ ಸದಸ್ಯನಷ್ಟೇ. ಇದಕ್ಕಿರುವ ಪ್ರಾಮುಖ್ಯ ಬಹುಪಾಲು ಶೋಧದ ಸ್ಥಳದಿಂದ ಬಂದದ್ದು. ಶೋಧದ ಹಿಂದಿನ ಚರಿತ್ರೆ ಮದರಾಸಿನ ಜೊತೆಗೆ ಪುಣೆಗೂ ತಳುಕು ಹಾಕಿಕೊಂಡಿದೆ. ಆ ವೀಕ್ಷಣಾಲಯದ ಇಂದಿನ ಉತ್ತರಾಧಿಕಾರಿ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ.

ಹೆಸರು ಮತ್ತು ಪರಿಭಾಷೆ

ಗ್ರೀಕ್ ಪುರಾಣದಲ್ಲಿ ಏಷ್ಯಾ ಒಬ್ಬ ಟೈಟನ್ ದೇವತೆ. ಖಂಡದ ಹೆಸರೂ ಅದೇ. ಪೋಗ್ಸನ್ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಹೆಸರನ್ನು ಆರಿಸಿದರು: ಕ್ಷುದ್ರಗ್ರಹಗಳಿಗೆ ಪುರಾಣ ಸ್ತ್ರೀಯರ ಹೆಸರಿಡುವ ಅಂದಿನ ರೂಢಿಯೂ ಉಳಿಯಿತು, ಶೋಧದ ನೆಲವೂ ದಾಖಲಾಯಿತು. ಈ ಲೇಖನದಲ್ಲಿ ‘ಏಷ್ಯಾ’ ಎಂದರೆ ಕ್ಷುದ್ರಗ್ರಹ. ಭೂಭಾಗವನ್ನು ‘ಏಷ್ಯಾ ಖಂಡ’ ಎಂದೇ ಬರೆಯಲಾಗಿದೆ. ‘ಮುಖ್ಯ ಪಟ್ಟಿ’ ಎಂದರೆ ಸೂರ್ಯನಿಂದ ಸುಮಾರು 2.1ರಿಂದ 3.3 ಖಗೋಳಮಾನ ದೂರದಲ್ಲಿ ಬಹುತೇಕ ಕ್ಷುದ್ರಗ್ರಹಗಳು ಸುತ್ತುವ ವಲಯ. ಭೂಮಿ ಮತ್ತು ಸೂರ್ಯರ ಸರಾಸರಿ ಅಂತರವೇ ಒಂದು ಖಗೋಳಮಾನ, ಸುಮಾರು 15 ಕೋಟಿ ಕಿ.ಮೀ. ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದು ಪುರರವಿ, ಅತಿ ದೂರದ್ದು ಅಪರವಿ. ಭೂಮಿಯಿಂದ ನೋಡುವಾಗ ಕಾಯವೊಂದು ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುವ ಸ್ಥಿತಿ ವಿಯುತಿ.

ಶೋಧದ ಹಿನ್ನೆಲೆ

1801ರ ಜನವರಿ 1ರಂದು ಇಟಲಿಯ ಜುಸೆಪ್ಪೆ ಪಿಯಾಜ್ಜಿ ಸೀರಿಸ್ ಅನ್ನು ಕಂಡರು. 1807ರೊಳಗೆ ಪಲ್ಲಾಸ್, ಜುನೊ, ವೆಸ್ಟಾ ಸಿಕ್ಕವು. ಆಮೇಲೆ ಸುಮಾರು ನಾಲ್ಕು ದಶಕ ಏನೂ ಸಿಗಲಿಲ್ಲ. 1845ರಲ್ಲಿ ಕಾರ್ಲ್ ಹೆಂಕೆ ಐದನೆಯದಾದ ಆಸ್ಟ್ರೇಯಾವನ್ನು ಗುರುತಿಸಿದ ನಂತರ ಶೋಧಗಳು ಒಂದರ ಹಿಂದೊಂದು ಬರತೊಡಗಿದವು. ಉತ್ತಮ ನಕ್ಷತ್ರಪಟಗಳು ಆ ಹೊತ್ತಿಗೆ ಕೈಗೆ ಬಂದಿದ್ದದ್ದು ಇದಕ್ಕೆ ಮುಖ್ಯ ಕಾರಣ. ಛಾಯಾಗ್ರಹಣ ಇನ್ನೂ ಈ ಕೆಲಸಕ್ಕೆ ಬಂದಿರಲಿಲ್ಲ. ವೀಕ್ಷಕ ದೂರದರ್ಶಕದಲ್ಲಿ ಕಂಡ ಚುಕ್ಕಿಗಳನ್ನು ಪಟದೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಪಟದಲ್ಲಿಲ್ಲದ ಚುಕ್ಕಿ ಕಂಡರೆ ಮರುದಿನ ಅದು ಅಲ್ಲೇ ಇದೆಯೇ, ಸರಿದಿದೆಯೇ ಎಂದು ನೋಡಬೇಕು. ಸರಿದಿದ್ದರೆ ಅದು ನಕ್ಷತ್ರವಲ್ಲ.

ಪೋಗ್ಸನ್ ಈ ವಿದ್ಯೆಯಲ್ಲಿ ಪಳಗಿದವರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿದ್ದಾಗಲೇ 1856–57ರಲ್ಲಿ ಐಸಿಸ್ (42), ಅರಿಯಾಡ್ನಿ (43), ಹೆಸ್ಟಿಯಾ (46) ಎಂಬ ಮೂರು ಕ್ಷುದ್ರಗ್ರಹಗಳನ್ನು ಕಂಡಿದ್ದರು. ಖಗೋಳವಿಜ್ಞಾನದಲ್ಲಿ ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಕಾಂತಿಮಾನದ ಅಳತೆಯಿಂದ. ಕಾಂತಿಮಾನದಲ್ಲಿ ಐದು ಅಂಕಗಳ ವ್ಯತ್ಯಾಸವೆಂದರೆ ಬೆಳಕಿನಲ್ಲಿ ನೂರು ಪಟ್ಟು ವ್ಯತ್ಯಾಸ. ಒಂದು ಅಂಕಕ್ಕೆ 2.512 ಪಟ್ಟು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಈ ಅನುಪಾತವನ್ನು ಅವರು 1856ರಲ್ಲಿ ಸೂಚಿಸಿದ್ದು ನಕ್ಷತ್ರಗಳನ್ನು ಕುರಿತ ಬರಹದಲ್ಲಲ್ಲ. 36 ಕ್ಷುದ್ರಗ್ರಹಗಳು ಮುಂದಿನ ವರ್ಷದ ಪ್ರತಿ ತಿಂಗಳೂ ಎಷ್ಟು ಪ್ರಕಾಶವಾಗಿ ಕಾಣುತ್ತವೆಂದು ಲೆಕ್ಕ ಹಾಕಿದ ಲೇಖನದಲ್ಲಿ.

ಅವರು ಬಂದು ಸೇರಿದ ಮದರಾಸು ವೀಕ್ಷಣಾಲಯ 1786ರಲ್ಲಿ ವಿಲಿಯಂ ಪೆಟ್ರಿ ಎಂಬ ಕಂಪನಿ ಅಧಿಕಾರಿಯ ಖಾಸಗಿ ಸ್ಥಾಪನೆಯಾಗಿ ಶುರುವಾದದ್ದು. ಅದನ್ನು ಈಸ್ಟ್ ಇಂಡಿಯಾ ಕಂಪನಿ 1790ರಲ್ಲಿ ವಹಿಸಿಕೊಂಡಿತು. 1792ರಲ್ಲಿ ನುಂಗಂಬಾಕ್ಕಂನಲ್ಲಿ ಸ್ವಂತ ಕಟ್ಟಡ ಆಯಿತು. ಅದರ ಉಪಕರಣಗಳನ್ನು ಹೊತ್ತಿದ್ದ ಕಲ್ಲಿನ ಕಂಬ ಇಂದಿಗೂ ಅಲ್ಲಿನ ಹವಾಮಾನ ಕಚೇರಿಯ ಆವರಣದಲ್ಲಿದೆ. ಟಿ. ಜಿ. ಟೇಲರ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಸಿದ್ಧವಾಗಿ 1844ರಲ್ಲಿ ಹೊರಬಂದ, 11 ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸೂಚಿ ಈ ಸಂಸ್ಥೆಗೆ ಯೂರೋಪಿನಲ್ಲೂ ಹೆಸರು ತಂದಿತ್ತು.

ಶೋಧ

ಪೋಗ್ಸನ್ 1861ರ ಆರಂಭದಲ್ಲಿ ಮದರಾಸಿನಲ್ಲಿ ಅಧಿಕಾರ ವಹಿಸಿಕೊಂಡರು. ಕೆಲವೇ ವಾರಗಳಲ್ಲಿ ಏಷ್ಯಾ ಸಿಕ್ಕಿತು. ಇದರಲ್ಲಿ ಅನುಭವದ ಪಾತ್ರ ದೊಡ್ಡದು, ಸ್ಥಳದ ಪಾತ್ರವೂ ಇದೆ. ಕ್ಷುದ್ರಗ್ರಹಗಳು ಅತಿ ಪ್ರಕಾಶವಾಗಿ ಕಾಣುವುದು ವಿಯುತಿಯ ಹೊತ್ತಿನಲ್ಲಿ. ಏಪ್ರಿಲ್ ಮಧ್ಯದಲ್ಲಿ ಸೂರ್ಯನಿಗೆ ಎದುರಿನ ಬಿಂದು ಕನ್ಯಾರಾಶಿಯಲ್ಲಿ, ಖಗೋಳ ವಿಷುವದ್ವೃತ್ತದಿಂದ ಸುಮಾರು 10° ದಕ್ಷಿಣಕ್ಕಿರುತ್ತದೆ. ಮಧ್ಯರಾತ್ರಿ ಆ ಬಿಂದು ಆಕ್ಸ್‌ಫರ್ಡ್‌ನಲ್ಲಿ ದಿಗಂತದಿಂದ 28° ಮಾತ್ರ ಮೇಲೇರಿದರೆ ಮದರಾಸಿನಲ್ಲಿ 66° ಏರುತ್ತದೆ. ಎತ್ತರದಲ್ಲಿರುವ ಕಾಯದ ಬೆಳಕು ಕಡಿಮೆ ವಾಯುಮಂಡಲ ದಾಟಿ ಬರುವುದರಿಂದ ಮಸುಕಾದ ಚುಕ್ಕಿಗಳೂ ಸ್ಪಷ್ಟವಾಗಿ ಕಾಣುತ್ತವೆ.

ಅದೇ ಏಪ್ರಿಲ್ ತಿಂಗಳಲ್ಲಿ ಬೇರೆಡೆಗಳಿಂದ ಮಾಯಾ (66), ಲೀಟೊ (68), ಹೆಸ್ಪೀರಿಯಾ (69) ಕೂಡ ಪತ್ತೆಯಾದವು. ಅಂದರೆ ಪೈಪೋಟಿ ತುರುಸಾಗಿಯೇ ಇತ್ತು. ಭಾರತಕ್ಕೂ ಯೂರೋಪಿಗೂ ನಡುವೆ ಆಗ ಕೆಲಸ ಮಾಡುವ ತಂತಿ ಸಂಪರ್ಕ ಇರಲಿಲ್ಲ. ಶೋಧದ ಸುದ್ದಿ ಹಡಗಿನ ಟಪಾಲಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಬೇಕು. ಅಲ್ಲಿಯವರೆಗೆ ಹೊಸ ಕಾಯದ ಸ್ಥಾನಗಳನ್ನು ಮದರಾಸಿನಲ್ಲೇ ಅಳೆದಿಡಬೇಕು. ಯೂರೋಪಿನ ವೀಕ್ಷಕರಿಗೆ ಇಲ್ಲದಿದ್ದ ತೊಡಕು ಇದು.

ಪೋಗ್ಸನ್‌ರ ಸಹಾಯಕರಲ್ಲಿ ಪ್ರಮುಖರು ಚಿಂತಾಮಣಿ ರಘುನಾಥಾಚಾರಿ. 1867ರಲ್ಲಿ ಅವರು ಆರ್ ರೆಟಿಕ್ಯುಲಿ ಎಂಬ ಚಂಚಲ ನಕ್ಷತ್ರವನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ವಿವರಿಸಲು ಅವರು ಬರೆದ ಕಿರುಹೊತ್ತಗೆ ಕನ್ನಡದಲ್ಲೂ ಬಂದಿತು. ಮದರಾಸು ವೀಕ್ಷಣಾಲಯದ ಕೆಲಸ ಕನ್ನಡ ಓದುಗರನ್ನು ನೇರವಾಗಿ ತಲುಪಿದ ಅಪರೂಪದ ಸಂದರ್ಭ ಅದು.

ಕಕ್ಷೆ

ಸೂರ್ಯನಿಂದ ಏಷ್ಯಾದ ಸರಾಸರಿ ದೂರ 2.42 ಖಗೋಳಮಾನ, ಅಂದರೆ ಸುಮಾರು 36.2 ಕೋಟಿ ಕಿ.ಮೀ. ಕಕ್ಷೆಯ ಉತ್ಕೇಂದ್ರತೆ 0.185. ಹೀಗಾಗಿ ಪುರರವಿಯಲ್ಲಿ ದೂರ 1.97 ಖಗೋಳಮಾನಕ್ಕೆ ಇಳಿದು, ಅಪರವಿಯಲ್ಲಿ 2.87ಕ್ಕೆ ಏರುತ್ತದೆ. ಭೂಕಕ್ಷೆಯ ಸಮತಲಕ್ಕೆ ಈ ಕಕ್ಷೆಯ ಬಾಗು ಸುಮಾರು 6°. ಒಂದು ಸುತ್ತಿಗೆ 3.77 ವರ್ಷ ಬೇಕು. ಕಕ್ಷೆಯಲ್ಲಿ ಸರಾಸರಿ ವೇಗ ಸೆಕೆಂಡಿಗೆ ಸುಮಾರು 19 ಕಿ.ಮೀ.

ಮಂಗಳ ಗ್ರಹ ಎರಡು ಸುತ್ತು ಮುಗಿಸುವ ಹೊತ್ತಿಗೆ (3.76 ವರ್ಷ) ಏಷ್ಯಾ ಹೆಚ್ಚುಕಡಿಮೆ ಒಂದು ಸುತ್ತು ಮುಗಿಸುತ್ತದೆ. ಇಂಥ ಸರಳ ಅನುಪಾತಕ್ಕೆ ಕಕ್ಷಾ ಅನುರಣನ ಎಂದು ಹೆಸರು. ಮುಖ್ಯ ಪಟ್ಟಿಯಲ್ಲಿ ಅನುರಣನ ಎಂದೊಡನೆ ನೆನಪಾಗುವುದು ಗುರುವಿನದು. ಸೂರ್ಯನಿಂದ 2.50 ಖಗೋಳಮಾನ ಸರಾಸರಿ ದೂರದಲ್ಲಿ ಗುರುವಿನ ಒಂದು ಸುತ್ತಿಗೆ ಕ್ಷುದ್ರಗ್ರಹದ ಮೂರು ಸುತ್ತು ಆಗುತ್ತದೆ. ಅಲ್ಲಿನ ಕಾಯಗಳ ಕಕ್ಷೆ ಕಾಲಾಂತರದಲ್ಲಿ ಕೆಟ್ಟು, ಆ ಜಾಗ ಬಹುತೇಕ ಬರಿದಾಗಿದೆ. ಇದು ಕರ್ಕ್‌ವುಡ್ ಅಂತರಗಳಲ್ಲೊಂದು. ಏಷ್ಯಾ ಇರುವುದು ಈ ಅಂತರದ ಒಳಬದಿಯಲ್ಲಿ, ಪಟ್ಟಿಯ ಒಳವಲಯದಲ್ಲಿ. ಮಂಗಳದ ದ್ರವ್ಯರಾಶಿ ಗುರುವಿನ ಮುಂದೆ ಏನೇನೂ ಅಲ್ಲ. ಆದ್ದರಿಂದ ಅದರ ಅನುರಣನಕ್ಕೆ ಅಂಥ ಬಲವಿಲ್ಲ.

ಭೂಮಿಯಿಂದ ನೋಡುವವರಿಗೆ ಒಂದು ವಿಯುತಿಯಿಂದ ಇನ್ನೊಂದಕ್ಕೆ ಸುಮಾರು 16 ತಿಂಗಳು ಹಿಡಿಯುತ್ತದೆ. ಪುರರವಿಯ ಸಮೀಪದಲ್ಲಿ ವಿಯುತಿ ಒದಗಿದರೆ ಏಷ್ಯಾ ನಮ್ಮಿಂದ ಒಂದು ಖಗೋಳಮಾನಕ್ಕಿಂತ ಸ್ವಲ್ಪ ಕಡಿಮೆ ದೂರಕ್ಕೆ ಬರುತ್ತದೆ.

ಗಾತ್ರ, ಭ್ರಮಣ, ಗುರುತ್ವ

58 ಕಿ.ಮೀ. ಎಂದರೆ ಪುಣೆಯಿಂದ ಲೋನಾವಳಾಕ್ಕಿರುವ ನೇರ ಅಂತರಕ್ಕಿಂತ ತುಸು ಹೆಚ್ಚು. ಈ ವ್ಯಾಸ ದೂರದರ್ಶಕದಲ್ಲಿ ನೇರವಾಗಿ ಅಳೆದದ್ದಲ್ಲ. ಅತಿ ಸಮೀಪ ಬಂದಾಗಲೂ ಏಷ್ಯಾದ ಬಿಂಬ ಒಂದು ವಿಕಲೆಯ ಹತ್ತನೆಯ ಒಂದು ಭಾಗವನ್ನು ಮುಟ್ಟುವುದಿಲ್ಲ. ಸಾಧಾರಣ ದೂರದರ್ಶಕಕ್ಕೆ ಅದು ಬರೀ ಚುಕ್ಕಿ. 1983ರಲ್ಲಿ ಐರಾಸ್ ಉಪಗ್ರಹ ಕ್ಷುದ್ರಗ್ರಹಗಳ ಅವಕೆಂಪು ವಿಕಿರಣವನ್ನು ಅಳೆಯಿತು. ಕಾಯವೊಂದು ಪ್ರತಿಫಲಿಸುವ ಬೆಳಕು ಮತ್ತು ಹೀರಿಕೊಂಡು ಶಾಖವಾಗಿ ಹೊರಸೂಸುವ ವಿಕಿರಣ, ಎರಡನ್ನೂ ಹೋಲಿಸಿದರೆ ಗಾತ್ರವೂ ಪ್ರತಿಫಲನಾಂಕವೂ ಒಟ್ಟಿಗೆ ದೊರೆಯುತ್ತವೆ. ಏಷ್ಯಾದ ಪ್ರತಿಫಲನಾಂಕ ಸುಮಾರು 0.25. ಚಂದ್ರನ ನೆಲಕ್ಕಿಂತ ಇದು ಹೊಳಪು ಹೆಚ್ಚಿರುವ ಮೇಲ್ಮೈ.

ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು ಏಷ್ಯಾಕ್ಕೆ ಸುಮಾರು 15.85 ಗಂಟೆ ಸಾಕು. ಇದನ್ನು ತಿಳಿಯುವುದು ಬೆಳಕಿನ ಏರಿಳಿತದಿಂದ. ಆಕಾರ ಗೋಲವಲ್ಲದ ಕಾರಣ, ತಿರುಗುವಾಗ ನಮ್ಮತ್ತ ತೋರುವ ಮುಖ ಹಿಗ್ಗಿ ಕುಗ್ಗುತ್ತದೆ. ಒಂದು ಊರಿನ ಒಂದು ರಾತ್ರಿಯಲ್ಲಿ ಈ ಇಡೀ ಆವರ್ತ ಮುಗಿಯುವುದಿಲ್ಲ. ಬೇರೆ ಬೇರೆ ರೇಖಾಂಶಗಳಲ್ಲಿನ ವೀಕ್ಷಕರ ಮಾಪನಗಳನ್ನು ಅಥವಾ ಹಲವು ರಾತ್ರಿಗಳ ಮಾಪನಗಳನ್ನು ಜೋಡಿಸಿಯೇ ಪೂರ್ಣ ವಕ್ರರೇಖೆ ಪಡೆಯಬೇಕು.

ಏಷ್ಯಾಕ್ಕೆ ಉಪಗ್ರಹ ಇರುವುದು ವರದಿಯಾಗಿಲ್ಲ. ಉಪಗ್ರಹವಿಲ್ಲದ ಕಾಯದ ದ್ರವ್ಯರಾಶಿಯನ್ನು ಅಳೆಯುವುದು ಕಷ್ಟ. ಶಿಲೆಯ ಸಾಮಾನ್ಯ ಸಾಂದ್ರತೆಯನ್ನು, ಅಂದರೆ ನೀರಿನ 2.7 ಪಟ್ಟು, ಇಟ್ಟುಕೊಂಡು ಲೆಕ್ಕ ಹಾಕಿದರೆ ಮೇಲ್ಮೈ ಗುರುತ್ವ ಭೂಮಿಯದರ ಸುಮಾರು 450ರಲ್ಲಿ ಒಂದು ಭಾಗ ಬರುತ್ತದೆ. ವಿಮೋಚನ ವೇಗ ಸೆಕೆಂಡಿಗೆ 35 ಮೀ. ಆಸುಪಾಸು. ವೇಗದ ಬೌಲರ್ ಅಲ್ಲಿ ಎಸೆದ ಚೆಂಡು ಹಿಂದಿರುಗುವುದಿಲ್ಲ. ಇಷ್ಟು ಕ್ಷೀಣ ಗುರುತ್ವ ಶಿಲೆಯ ಗಡಸನ್ನು ಮೀರಿ ಕಾಯವನ್ನು ಗೋಲಾಕಾರಕ್ಕೆ ತರಲಾರದು.

ರಚನೆ ಮತ್ತು ವರ್ಗ

ಕ್ಷುದ್ರಗ್ರಹಗಳನ್ನು ರೋಹಿತ ಮತ್ತು ಪ್ರತಿಫಲನಾಂಕಗಳ ಆಧಾರದಲ್ಲಿ ವರ್ಗೀಕರಿಸುವ ಕ್ರಮ 1975ರಿಂದ ರೂಢಿಗೆ ಬಂತು. ಅಕ್ಷರಗಳೇ ವರ್ಗನಾಮಗಳು. ಸಿ ವರ್ಗದವು ಇಂಗಾಲ ಸಂಯುಕ್ತಗಳಿಂದ ಕಪ್ಪಾದವು. ಸಂಖ್ಯೆಯಲ್ಲಿ ಇವೇ ಹೆಚ್ಚು, ವಿಶೇಷವಾಗಿ ಪಟ್ಟಿಯ ಹೊರವಲಯದಲ್ಲಿ. ಎಮ್ ಹಾಗೂ ಎಕ್ಸ್ ವರ್ಗಗಳಲ್ಲಿ ಲೋಹಾಂಶ ಹೆಚ್ಚಿರುವವು ಮತ್ತು ಖನಿಜಸ್ವರೂಪ ತೀರ್ಮಾನವಾಗದವು ಸೇರಿವೆ. ಏಷ್ಯಾ ಎಸ್ ವರ್ಗದ್ದು. ಆಲಿವೀನ್, ಪೈರಾಕ್ಸೀನ್ ಎಂಬ ಸಿಲಿಕೇಟ್ ಖನಿಜಗಳು, ಜೊತೆಗೆ ಕಬ್ಬಿಣ ಮತ್ತು ನಿಕ್ಕಲ್ ಈ ವರ್ಗದ ಘಟಕಗಳು. ‘ಶಿಲಾಮಯ’ ಎಂಬ ವಿಶೇಷಣ ಸೂಚಿಸುವುದು ಇದನ್ನೇ. ಪಟ್ಟಿಯ ಒಳವಲಯದಲ್ಲಿ ಎಸ್ ವರ್ಗದ್ದೇ ಪ್ರಾಬಲ್ಯ. ಯೂನೋಮಿಯಾ (15) ಈ ವರ್ಗದ ಅತಿ ದೊಡ್ಡ ಕಾಯ, ವ್ಯಾಸ 250 ಕಿ.ಮೀ.ಗೂ ಹೆಚ್ಚು. ಮುಖ್ಯ ಪಟ್ಟಿಯ ಲಕ್ಷಾಂತರ ಕಾಯಗಳ ನಡುವೆ ಏಷ್ಯಾ ದೊಡ್ಡದೇ, ಆದರೆ ಯೂನೋಮಿಯಾದ ಪಕ್ಕದಲ್ಲಿ ಚಿಕ್ಕದು.

ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಸಾಧಾರಣ ಕಾಂಡ್ರೈಟ್ ಎಂಬ ಬಗೆಯವು. 1976ರ ಜನವರಿ 28ರಂದು ಗುಜರಾತಿನ ಧಜಾಲಾದಲ್ಲಿ ಬಿದ್ದದ್ದೂ ಇದೇ ಜಾತಿಯದು. ಖನಿಜಗಳ ಮಟ್ಟಿಗೆ ಇವು ಎಸ್ ವರ್ಗವನ್ನು ಹೋಲುತ್ತವೆ, ಆದರೆ ಬಣ್ಣ ಹೊಂದುತ್ತಿರಲಿಲ್ಲ. ಕ್ಷುದ್ರಗ್ರಹಗಳು ಹೆಚ್ಚು ಕೆಂಪಾಗಿ ಕಾಣುತ್ತವೆ. ಸೌರಮಾರುತ ಮತ್ತು ಸೂಕ್ಷ್ಮ ಉಲ್ಕೆಗಳ ಹೊಡೆತದಿಂದ ಮೇಲ್ಮೈಯ ಕಣಗಳ ಮೇಲೆ ಅತಿಸೂಕ್ಷ್ಮ ಕಬ್ಬಿಣ ಲೇಪವಾಗುತ್ತದೆ, ಬಣ್ಣ ಬದಲಾಗುತ್ತದೆ ಎಂಬ ವಿವರಣೆ ಬಹುಕಾಲ ಚರ್ಚೆಯಲ್ಲಿತ್ತು. ಜಪಾನಿನ ಹಯಬುಸಾ ನೌಕೆ ಎಸ್ ವರ್ಗದ ಇತೊಕಾವಾ ಕ್ಷುದ್ರಗ್ರಹದ ಧೂಳನ್ನು 2010ರ ಜೂನ್‌ನಲ್ಲಿ ಭೂಮಿಗೆ ತಂದಾಗ ಚರ್ಚೆ ಮುಗಿಯಿತು. ಒಳಗೆ ಸಾಧಾರಣ ಕಾಂಡ್ರೈಟ್, ಹೊರಗೆ ಸವೆತದ ಪೊರೆ.

ಈ ವರ್ಗದ ಇತರ ಕಾಯಗಳನ್ನು ನೌಕೆಗಳು ಹತ್ತಿರದಿಂದ ನೋಡಿವೆ. ಗೆಲಿಲಿಯೊ ನೌಕೆ 1991ರ ಅಕ್ಟೋಬರ್ 29ರಂದು ಗ್ಯಾಸ್ಪ್ರಾ (951) ಬಳಿಯಿಂದ, 1993ರ ಆಗಸ್ಟ್ 28ರಂದು ಐಡಾ (243) ಬಳಿಯಿಂದ ಹಾದುಹೋಯಿತು. ನಿಯರ್ ಶೂಮೇಕರ್ ನೌಕೆ 2001ರ ಫೆಬ್ರವರಿ 12ರಂದು ಎರೋಸ್ (433) ಮೇಲೆ ಇಳಿಯಿತು. ಐಡಾದ ಉದ್ದ ಏಷ್ಯಾದ ವ್ಯಾಸಕ್ಕೆ ಸಮೀಪ. ಕುಳಿಗಳು ತುಂಬಿದ, ಧೂಳು ಮುಚ್ಚಿದ, ಉದ್ದನೆಯ ಬಂಡೆ ಅದು. ಡ್ಯಾಕ್ಟೈಲ್ ಎಂಬ ಪುಟ್ಟ ಉಪಗ್ರಹವೂ ಅದಕ್ಕಿದೆ. ಏಷ್ಯಾದ ಮೇಲ್ಮೈಯನ್ನು ಊಹಿಸಲು ಸದ್ಯಕ್ಕೆ ಐಡಾದ ಚಿತ್ರಗಳೇ ಆಧಾರ.

ಮದರಾಸಿನ ಇತರ ಕ್ಷುದ್ರಗ್ರಹಗಳು

ಏಷ್ಯಾದ ನಂತರ ಪೋಗ್ಸನ್ ಮದರಾಸಿನಿಂದ ಇನ್ನೂ ನಾಲ್ಕನ್ನು ಕಂಡರು: ಸ್ಯಾಫೊ (80) 1864ರಲ್ಲಿ, ಸಿಲ್ವಿಯಾ (87) 1866ರಲ್ಲಿ, ಕಮಿಲಾ (107) 1868ರಲ್ಲಿ, ವೇರಾ (245) 1885ರಲ್ಲಿ. ಸ್ಯಾಫೊ ಮತ್ತು ವೇರಾ ಏಷ್ಯಾದಂತೆ ಎಸ್ ವರ್ಗದವು. ಸಿಲ್ವಿಯಾ, ಕಮಿಲಾ ಪಟ್ಟಿಯ ಹೊರಅಂಚಿನ ದೈತ್ಯ ಕಾಯಗಳು, ಎರಡರ ವ್ಯಾಸವೂ 200 ಕಿ.ಮೀ. ಮೀರುತ್ತದೆ. ವಿಜ್ಞಾನಕ್ಕೆ ಈ ಐದರಲ್ಲಿ ಅತಿ ಹೆಚ್ಚು ಮಾಹಿತಿ ಕೊಟ್ಟದ್ದು ಸಿಲ್ವಿಯಾ. ರೋಮುಲಸ್ (2001), ರೀಮಸ್ (2004) ಎಂಬ ಎರಡು ಉಪಗ್ರಹಗಳು ಅದಕ್ಕಿರುವುದು ತಿಳಿಯಿತು. ಎರಡು ಉಪಗ್ರಹಗಳುಳ್ಳ ಕ್ಷುದ್ರಗ್ರಹ ಎಂದು ಮೊದಲು ಗೊತ್ತಾದದ್ದು ಅದೇ. ಕಮಿಲಾಕ್ಕೂ ಈಗ ಎರಡು ಉಪಗ್ರಹಗಳು ತಿಳಿದಿವೆ.

ಪೋಗ್ಸನ್ 1891ರಲ್ಲಿ ಮದರಾಸಿನಲ್ಲೇ ತೀರಿಕೊಂಡರು. ಜರ್ಮನಿಯ ಮ್ಯಾಕ್ಸ್ ವುಲ್ಫ್ ಛಾಯಾಗ್ರಹಣದ ಮೂಲಕ ಮೊದಲ ಕ್ಷುದ್ರಗ್ರಹವನ್ನು ಕಂಡದ್ದು ಅದೇ ವರ್ಷ. ಕಣ್ಣು ಮತ್ತು ನಕ್ಷತ್ರಪಟಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು.

ಪುಣೆಯ ನಂಟು

ಏಷ್ಯಾದ ಶೋಧ ಪುಣೆಯಲ್ಲಿ ನಡೆದದ್ದಲ್ಲ. ಆದರೆ ಪೋಗ್ಸನ್‌ಗಿಂತ ಹಿಂದೆ ಮದರಾಸು ವೀಕ್ಷಣಾಲಯವನ್ನು ನಡೆಸಿದ ವಿಲಿಯಂ ಸ್ಟೀಫನ್ ಜೇಕಬ್ (1813–1862) ಪುಣೆಯಲ್ಲಿ ಪಳಗಿದವರು. ಸೇನೆಯ ಇಂಜಿನಿಯರ್ ಆಗಿದ್ದ ಅವರು 1842ರಲ್ಲಿ ಆಗಿನ ಪೂನಾದಲ್ಲಿ ಖಾಸಗಿ ವೀಕ್ಷಣಾಲಯ ಹೂಡಿ ಯಮಳ ನಕ್ಷತ್ರಗಳನ್ನು ಅಳೆದರು. 1848ರ ಕೊನೆಯಿಂದ 1859ರವರೆಗೆ ಮದರಾಸಿನಲ್ಲಿದ್ದರು. 70 ಒಫಿಯೂಕಿ ಎಂಬ ಯಮಳ ನಕ್ಷತ್ರದ ಚಲನೆಯಲ್ಲಿ ಕಂಡ ಏರುಪೇರಿಗೆ ಕಾಣದ ಗ್ರಹವೊಂದು ಕಾರಣವಿರಬಹುದೆಂದು 1855ರಲ್ಲಿ ಅಲ್ಲಿಂದಲೇ ಬರೆದರು. ಆ ವಾದ ಮುಂದೆ ನಿಲ್ಲಲಿಲ್ಲ. ಸೌರವ್ಯೂಹದಾಚೆಯ ಗ್ರಹದ ಬಗ್ಗೆ ವೀಕ್ಷಣೆಯನ್ನಾಧರಿಸಿದ ಬಹು ಹಳೆಯ ಹೇಳಿಕೆಯಾಗಿ ಅದು ಚರಿತ್ರೆಯಲ್ಲಿ ಉಳಿದಿದೆ. ಪುಣೆ ಸಮೀಪದ ಬೆಟ್ಟದ ಮೇಲೆ ವೀಕ್ಷಣಾಲಯ ಮಾಡಲು ಬ್ರಿಟಿಷ್ ಸಂಸತ್ತು 1862ರಲ್ಲಿ ಹಣ ಮಂಜೂರು ಮಾಡಿತು. ಒಂಬತ್ತು ಅಂಗುಲದ ದೂರದರ್ಶಕವನ್ನು ಸ್ವಂತ ಹಣದಲ್ಲಿ ಕೊಂಡಿದ್ದ ಜೇಕಬ್ ಆಗಸ್ಟ್ 8ರಂದು ಮುಂಬಯಿಯಲ್ಲಿ ಇಳಿದು, 16ರಂದು ಪುಣೆಯಲ್ಲಿ ನಿಧನರಾದರು. ಬೆಟ್ಟದ ಯೋಜನೆ ಅಲ್ಲಿಗೇ ನಿಂತಿತು.

ಮುಂದೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಭಾವನಗರದ ಮಹಾರಾಜರ ನೆರವಿನಿಂದ ಮಹಾರಾಜಾ ತಖ್ತಸಿಂಗ್‌ಜಿ ವೀಕ್ಷಣಾಲಯ 1888ರಲ್ಲಿ ತಲೆಯೆತ್ತಿತು. ಕಾವಸ್‌ಜಿ ದಾದಾಭಾಯಿ ನೇಗಾಮ್‌ವಾಲಾ ಅದರ ಮುಖ್ಯಸ್ಥರು. ಅಲ್ಲಿದ್ದ 20 ಅಂಗುಲದ ಗ್ರಬ್ ಪ್ರತಿಫಲಕ ದೂರದರ್ಶಕ ಅಂದು ಭಾರತದಲ್ಲೇ ದೊಡ್ಡದು. ಕ್ಷುದ್ರಗ್ರಹ ಶೋಧಕ್ಕಿಂತ ರೋಹಿತ ವೀಕ್ಷಣೆಯೇ ಆ ಸಂಸ್ಥೆಯ ಆಸಕ್ತಿ. 1912ರಲ್ಲಿ ಅದು ಮುಚ್ಚಿ, ದೂರದರ್ಶಕ ಕೊಡೈಕಾನಲ್‌ಗೆ ಹೋಯಿತು. 1899ರಲ್ಲಿ ಮದರಾಸಿನ ಖಗೋಳ ಕಾರ್ಯವೂ ಕೊಡೈಕಾನಲ್‌ಗೆ ವರ್ಗವಾಗಿದ್ದ ಕಾರಣ ಎರಡು ಊರುಗಳ ಪರಂಪರೆ ಅಲ್ಲಿ ಕೂಡಿಕೊಂಡಿತು.

ಈಗ ಪುಣೆಯಲ್ಲಿ 1944ರಿಂದ ಕೆಲಸ ಮಾಡುತ್ತಿರುವ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಎಂಬ ಹವ್ಯಾಸಿಗಳ ಸಂಘವಿದೆ. 1988ರಲ್ಲಿ ಜಯಂತ ನಾರಳೀಕರ್ ನೇತೃತ್ವದಲ್ಲಿ ಶುರುವಾದ ಆಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಇದೆ. ಪುಣೆ ಜಿಲ್ಲೆಯ ಗಿರಾವಲಿಯಲ್ಲಿ ಆಯುಕಾದ 2 ಮೀ. ದೂರದರ್ಶಕ 2006ರಿಂದ ಕೆಲಸ ಆರಂಭಿಸಿತು. ಧೂಮಕೇತುಗಳ ಬೆಳಕಿನ ಧ್ರುವೀಕರಣವನ್ನು ಅಳೆಯುವ ಕೆಲಸ ಅಲ್ಲಿ ನಡೆದಿದೆ.

ವೀಕ್ಷಣೆ ಮತ್ತು ಉಪಯೋಗ

ಬರಿಗಣ್ಣಿಗೆ ಏಷ್ಯಾ ಕಾಣದು. ಅನುಕೂಲ ವಿಯುತಿಯಲ್ಲಿ ಅದರ ಕಾಂತಿಮಾನ ಹತ್ತರ ಸಮೀಪಕ್ಕೆ ಬರುತ್ತದೆ, ಅಪರವಿ ಕಡೆಯ ವಿಯುತಿಯಲ್ಲಿ ಹನ್ನೆರಡರ ಬಳಿಗೆ ಮಸುಕಾಗುತ್ತದೆ. ಊರ ದೀಪಗಳಿಂದ ದೂರದ ಜಾಗದಲ್ಲಿ ಆರು ಅಂಗುಲದ ದೂರದರ್ಶಕ ಸಾಕು. ವಿಯುತಿಯ ಹೊತ್ತಿನಲ್ಲಿ ನಕ್ಷತ್ರಗಳ ನಡುವೆ ಅದು ದಿನಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಪೂರ್ಣಚಂದ್ರನ ವ್ಯಾಸದ ಅರ್ಧದಷ್ಟು, ಪಶ್ಚಿಮಕ್ಕೆ ಸರಿಯುತ್ತದೆ. ಎರಡು ರಾತ್ರಿ ಅದೇ ಭಾಗದ ಚಿತ್ರ ತೆಗೆದು ಹೋಲಿಸಿದರೆ ಗುರುತು ಹತ್ತುತ್ತದೆ. ಪೋಗ್ಸನ್ ಕೈಯಿಂದ ಮಾಡಿದ ಕೆಲಸವೇ ಇದು.

ಹವ್ಯಾಸಿಗಳ ಕೊಡುಗೆಗೆ ಇನ್ನೂ ಅವಕಾಶವಿರುವುದು ಆಚ್ಛಾದನೆಯಲ್ಲಿ. ಕ್ಷುದ್ರಗ್ರಹ ದೂರದ ನಕ್ಷತ್ರವೊಂದರ ಮುಂದೆ ಹಾದಾಗ ನಕ್ಷತ್ರದ ಬೆಳಕು ಥಟ್ಟನೆ ಅಳಿದು ಮತ್ತೆ ಮೂಡುತ್ತದೆ. ನೆಲದ ಮೇಲೆ ಆಗ ಓಡುವ ನೆರಳಿನ ಪಟ್ಟೆಯ ಅಗಲ ಕ್ಷುದ್ರಗ್ರಹದ ಅಗಲಕ್ಕೆ ಸಮ. ವಿಯುತಿಯ ಸಮಯದಲ್ಲಿ ಏಷ್ಯಾದಿಂದ ಆಗುವ ಮರೆ ಕೆಲವೇ ಸೆಕೆಂಡು. ಪಟ್ಟೆಯೊಳಗೆ ಬೇರೆ ಬೇರೆ ಕಡೆ ನಿಂತ ವೀಕ್ಷಕರು ತಮ್ಮ ತಮ್ಮ ಸಮಯಗಳನ್ನು ಕರಾರುವಾಕ್ಕಾಗಿ ಗುರುತಿಸಿದರೆ, ಎಷ್ಟೋ ಕೋಟಿ ಕಿ.ಮೀ. ದೂರದ ಬಂಡೆಯ ಅಂಚು ಕೆಲವೇ ಕಿ.ಮೀ. ನಿಖರತೆಯಲ್ಲಿ ಮೂಡುತ್ತದೆ. ಗಾಯಾ ಉಪಗ್ರಹ ಒದಗಿಸಿದ ನಕ್ಷತ್ರ ಸ್ಥಾನಗಳಿಂದಾಗಿ ಈಗ ಇಂಥ ನೆರಳಿನ ಹಾದಿಯನ್ನು ಮುಂಚಿತವಾಗಿ ನಂಬಿಕೆಯಿಂದ ಹೇಳಬಹುದು.

ಇಂದಿನ ಸ್ಥಿತಿ

ಏಷ್ಯಾದ ಕಕ್ಷೆ 160 ವರ್ಷಕ್ಕೂ ದೀರ್ಘವಾದ ವೀಕ್ಷಣೆಗಳ ಮೇಲೆ ನಿಂತಿರುವುದರಿಂದ ಅದರ ಸ್ಥಾನದ ಬಗ್ಗೆ ಅನುಮಾನ ಉಳಿದಿಲ್ಲ. ಬಾಕಿಯಿರುವುದು ದ್ರವ್ಯರಾಶಿ, ಸಾಂದ್ರತೆ ಮತ್ತು ಮೇಲ್ಮೈಯ ವಿವರ. ಯಾವ ನೌಕೆಯೂ ಈವರೆಗೆ ಅತ್ತ ಹೋಗಿಲ್ಲ.

ವೇರಾ ನಂತರ ಭಾರತದಿಂದ ಮತ್ತೆ ಕ್ಷುದ್ರಗ್ರಹಗಳು ಸಿಗಲು 1988 ಬರಬೇಕಾಯಿತು. ತಮಿಳುನಾಡಿನ ಕಾವಲೂರಿನಿಂದ ಆರ್. ರಾಜಮೋಹನ್ ಆ ವರ್ಷ ಕಂಡವುಗಳಲ್ಲಿ ಒಂದಕ್ಕೆ ಗಣಿತಜ್ಞ ರಾಮಾನುಜನ್ (4130) ಹೆಸರಿದೆ. ಕಾವಲೂರು ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ತಾರಾಭೌತ ಸಂಸ್ಥೆ. ಕೊಡೈಕಾನಲ್ ವೀಕ್ಷಣಾಲಯ 1971ರಲ್ಲಿ ಸ್ವಾಯತ್ತವಾಗಿ ಈ ಸಂಸ್ಥೆಯ ರೂಪ ತಾಳಿತು. ಮದರಾಸು ವೀಕ್ಷಣಾಲಯದ ಕಾಗದಪತ್ರಗಳೂ ಅದರ ದಾಖಲಾಗಾರದಲ್ಲಿವೆ. ಲಡಾಖಿನ ಹಾನ್ಲೆಯಲ್ಲಿರುವ ಸಂಸ್ಥೆಯ 2 ಮೀ. ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರು ಬಳಿಯ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ.